ಒಲ್ಲೆ ಅನ್ನುವ ಮಾತಿನ ಬೆಲೆ

ಸಂಕ್ರಾಂತಿ ಬಂತೆಂದರೆ ಸೊಲ್ಲಾಪುರ ರಸ್ತೆಯ ಎರಡೂ ತುದಿಗೆ ಜಾತ್ರೆ. ಆ ಕಡೆ ಸೊಲ್ಲಾಪುರದ ಸಿದ್ಧರಾಮ, ಈ ಕಡೆ ವಿಜಯಪುರದ ಸಿದ್ಧೇಶ್ವರ. ನಡುವೆ ಭೀಮಾ ನದಿ. ಜಾತ್ರೆಗೆ ನಾಟಕ ಕಂಪನಿಗಳು ಬರತಾವ. ತಿಕೋಟಾ, ಬಬಲೇಶ್ವರದ ಕಡೆಯ ಊರುಗಳ ಜಾತ್ರೆ ಉರುಸುಗಳಲ್ಲಿ ರಸಮಂಜರಿ, ರೆಕಾರ್ಡ್ ಡ್ಯಾನ್ಸ್ ಇಡತಾರ. ರಾತ್ರಿ ಹತ್ತು ದಾಟಿದ ಮೇಲೆ ವೇದಿಕೆಗೆ ಒಬ್ಬ ಹೆಣ್ಣುಮಗಳು ಬರತಾಳ. ಸಿಳ್ಳೆ ಬೀಳತಾವ, ನೋಟು ಹಾರತಾವ. ಮರುದಿನ ಮುಂಜಾನೆ ಚಹಾದಂಗಡಿಯಲ್ಲಿ ಅದೇ ಮಂದಿ ಆಕೆಯನ್ನು ಮರ್ಯಾದಿ ಬಿಟ್ಟಾಕಿ ಅಂತ ಆಡಿಕೊಳ್ಳತಾರ. ಪಟ್ಟಿ ಎತ್ತಿದವರ ಮರ್ಯಾದೆ, ಪೆಂಡಾಲು ಹಾಕಿಸಿದವರ ಮರ್ಯಾದೆ, ಮುಂದಿನ ಸಾಲಿನ ಖುರ್ಚಿಯಲ್ಲಿ ಕೂತವರ ಮರ್ಯಾದೆ ಮಾತ್ರ ಎಲ್ಲಿಗೂ ಹೋಗಿರುವುದಿಲ್ಲ.

ಇದರ ಬಗ್ಗೆ ಮಾತಾಡುವವರಲ್ಲಿ ಎರಡು ಗುಂಪು. ಒಂದು ಗುಂಪು ಸಂಸ್ಕೃತಿ ಕೆಟ್ಟಿತೆಂದು ಕೂಗುತ್ತದೆ. ಇಂಥದ್ದನ್ನೆಲ್ಲ ಬಂದ್ ಮಾಡಿಸಿರಿ ಎನ್ನುತ್ತದೆ. ಇನ್ನೊಂದು ಗುಂಪು ಪಟ್ಟಣದ ಓದಿದವರದು. ಅವಳ ದೇಹ, ಅವಳ ಇಷ್ಟ, ಕೇಳಲು ನೀವ್ಯಾರು ಎನ್ನುತ್ತದೆ. ಮೊದಲನೆಯವರ ಜೊತೆ ನಮಗೆ ಜಗಳ ಹಳೆಯದು. ಎರಡನೆಯ ಮಾತನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು, ಹೆಂಗಸರು ಹೋರಾಡಿ ಗಳಿಸಿದ ಮಾತು ಅದು. ಆದರೆ ಗೆಳೆಯರೇ, ಇಷ್ಟ ಎಂಬುದು ಗಾಳಿಯಲ್ಲಿ ಹುಟ್ಟುವುದಿಲ್ಲ. ಹೂಂ ಅಂದರೆ ಕೂಲಿ, ಒಲ್ಲೆ ಅಂದರೆ ಉಪವಾಸ ಎಂಬಲ್ಲಿ ಆ ಹೂಂಗೆ ಏನು ತೂಕ?

ಇನ್ನೂ ಒಂದು ಮಾತಿದೆ. ಹೆಣ್ಣು ಹೇಗೆ ನಡೆಯಬೇಕು, ಹೇಗೆ ನಾಚಬೇಕು, ಸೆರಗು ಎಲ್ಲಿ ಜಾರಬೇಕು ಎಂಬುದನ್ನು ನಮ್ಮ ಕಡೆಯ ರಂಗಭೂಮಿಗೆ ಕಲಿಸಿದವರೇ ಗಂಡಸರು. ಮರಾಠಿ ರಂಗದ ಬಾಲಗಂಧರ್ವ ಸ್ತ್ರೀಪಾತ್ರದಲ್ಲಿ ಮೆರೆದರು. ಮೇಲ್ಜಾತಿಯ ಹೆಂಗಸರು ಅವರ ಸೀರೆಯ ಧಾಟಿ ನೋಡಿ ತಾವು ಸೀರೆ ಉಟ್ಟರು. ಗಂಡಸು ಕಟ್ಟಿದ ವೇಷವೇ ಹೆಣ್ಣಿಗೆ ಮಾದರಿಯಾಯಿತು! 1964ರಲ್ಲಿ ಸರಕಾರ ಅವರಿಗೆ ಪದ್ಮಭೂಷಣ ಕೊಟ್ಟಿತು. ಅವರ ಕಲೆಯನ್ನು ನಾವು ಸಣ್ಣದು ಮಾಡುತ್ತಿಲ್ಲ. ಆದರೆ ಅದೇ ಕಂಪನಿಗೆ ನಮ್ಮ ಬೀಳಗಿಯ ಗೋಹರಬಾಯಿ ಬಂದು ಬಣ್ಣ ಹಚ್ಚಿದಾಗ ಏನಾಯಿತು? ಗಂಡಸು ಹೆಣ್ಣಾಗಿ ಕುಣಿದರೆ ಗಂಧರ್ವ. ಹೆಣ್ಣು, ಅದೂ ಮುಸಲ್ಮಾನ ಹೆಣ್ಣು, ಹೆಣ್ಣಾಗಿ ನಿಂತರೆ ಮಹಾನ್ ನಟನನ್ನು ಕೆಡಿಸಿದಾಕೆ. 1951ರಲ್ಲಿ ಅವರಿಬ್ಬರೂ ಮದುವೆಯಾದ ಮೇಲೂ ಆ ಅಪವಾದ ಆಕೆಯ ಬೆನ್ನು ಬಿಡಲಿಲ್ಲ. ತಂಗಿ ಅಮೀರಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಹೆಸರಾದರು. ವಿಜಾಪುರದಲ್ಲಿ ಅವರ ಹೆಸರಿನ ಟಾಕೀಜೇ ಎದ್ದಿತು. ಊರು ಆ ಟಾಕೀಜಿನೊಳಗೆ ಕೂತು ಸಿನೆಮಾ ನೋಡಿತು. ಸಿನೆಮಾದ ಹೆಣ್ಣನ್ನು ಮನೆತನದ ಹೆಣ್ಣೆಂದು ಎಣಿಸುವಷ್ಟು ಮಾತ್ರ ಊರಿನ ಮನಸ್ಸು ದೊಡ್ಡದಾಗಲಿಲ್ಲ.

ಈ ವೇಷವನ್ನು ಯಾವ ಜಾತಿಯ ಹೆಣ್ಣಿನ ಮೈಮೇಲೆ ಹೇರಿದರು? ಇಲ್ಲಿಗೆ ಬಂದಾಗ ಪಟ್ಟಣದ ಸ್ತ್ರೀವಾದ ಸ್ವಲ್ಪ ತಡವರಿಸುತ್ತದೆ. ನಮ್ಮ ಕಡೆ ದೇವದಾಸಿ, ಜೋಗತಿ. ಭೀಮಾ ದಾಟಿದರೆ ತಮಾಶಾ, ಲಾವಣಿಯ ಫಡ. ಅಲ್ಲಿ ಕುಣಿದವರು ಹೆಚ್ಚಾಗಿ ಮಹಾರ, ಮಾಂಗ, ಕೊಲ್ಹಾಟಿ ಹೆಣ್ಣುಮಕ್ಕಳು. ಸೊಲ್ಲಾಪುರ ಸೀಮೆಯ ಕೊಲ್ಹಾಟಿ ಕುಣಿತದವಳ ಮಗ ಕಿಶೋರ ಕಾಳೆ ಓದಿ ಡಾಕ್ಟರಾದರು. 1994ರಲ್ಲಿ ತಮ್ಮ ಆತ್ಮಕಥೆ ಬರೆದರು. ತಂದೆಯ ಹೆಸರು ಬರುವ ಜಾಗದಲ್ಲಿ ತಾಯಿ ಶಾಂತಾಬಾಯಿಯ ಹೆಸರಿಟ್ಟುಕೊಂಡರು. ಹೆಸರು ಕೊಡಬೇಕಾದ ಗಂಡಸು ಕುಣಿತ ಮುಗಿದ ಮೇಲೆ ತನ್ನ ಮನೆಗೆ ಹೋಗಿದ್ದ. ಕುಣಿದವಳ ದುಡಿಮೆಯಲ್ಲಿ ಉಂಡ ಮನೆಯವರೂ ಅಲ್ಲಿದ್ದಾರೆ ಎಂಬುದನ್ನು ಆ ಪುಸ್ತಕ ಮುಚ್ಚಿಡುವುದಿಲ್ಲ. ನಮ್ಮವರ ತಪ್ಪನ್ನು ನಾವು ಹೇಳದಿದ್ದರೆ ಮತ್ಯಾರು ಹೇಳಬೇಕು?

1936ರ ಜೂನ್ 16ರಂದು ಮುಂಬಯಿಯ ದಾಮೋದರ ಹಾಲಿನಲ್ಲಿ ಬಾಬಾಸಾಹೇಬ ಅಂಬೇಡ್ಕರರು ದೇವದಾಸಿಯರ, ಜೋಗತಿಯರ ಸಭೆಯಲ್ಲಿ ಮಾತಾಡಿದರು. ಕಾಮಾಠಿಪುರದ ಬದುಕು ಬಿಡಿರಿ ಎಂದರು. ಹೊಟ್ಟೆಗೆ ದಾರಿಯೇನು ಎಂಬ ಪ್ರಶ್ನೆಗೆ, ಅದು ನಿಮಗೆ ಬಿಟ್ಟದ್ದು, ಇದನ್ನಂತೂ ಬಿಡಲೇಬೇಕು ಎಂಬ ಅರ್ಥದ ಕಠಿಣ ಉತ್ತರ ಕೊಟ್ಟರು. ಇಂದು ಓದಿದರೆ ಕೆಲವರಿಗೆ ಇದು ಹೆಣ್ಣಿನ ಮೇಲೆ ಹೊರೆ ಹೊರಿಸಿದಂತೆ ಕಾಣುತ್ತದೆ. ನಾವು ಹಾಗೆ ಓದುವುದಿಲ್ಲ. ಊರಿನ ಎಲ್ಲರಿಗೂ ಹಕ್ಕಿದೆ ಎಂದು ಸಾರಲ್ಪಟ್ಟ ಮೈ ಅದು. ಅಂಥ ಮೈಯುಳ್ಳವಳಿಗೆ ‘ಒಲ್ಲೆ’ ಎನ್ನುವುದೇ ಮೊದಲ ಬಂಡಾಯ. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚುವ ಹಕ್ಕಿಗಾಗಿ ಏಟು ತಿಂದರು. 1859ರಲ್ಲಿ ಅರಮನೆ ಮಣಿಯಿತು. ಅರಮನೆಯಂಥ ಮನೆಯೊಳಗೆ ಸೆರಗಿನಲ್ಲಿ ಮುಚ್ಚಿಟ್ಟ ಹೆಣ್ಣಿಗೆ ಸೆರಗು ಕಿತ್ತೆಸೆಯುವುದು ಬಿಡುಗಡೆ ಅನ್ನಿಸಿದ್ದರೆ ಅದೂ ಸುಳ್ಳಲ್ಲ. ಬಟ್ಟೆಯ ಉದ್ದ ಅಳೆಯುವ ಗಜಕೋಲು ನಮಗೆ ಬೇಡ. ಹುಕುಂ ಯಾರದು ಎಂಬುದಷ್ಟೇ ನೋಡಬೇಕಾದ್ದು.

ಹಾಗಾದರೆ ಕಾನೂನಿನಿಂದ ನಿಲ್ಲಿಸಿದರಾಯಿತಲ್ಲ ಎನ್ನುವವರು ಮುಂಬಯಿಯ ಡ್ಯಾನ್ಸ್ ಬಾರುಗಳ ಕತೆ ಕೇಳಬೇಕು. 2005ರಲ್ಲಿ ಮಹಾರಾಷ್ಟ್ರ ಸರಕಾರ ಅವನ್ನು ನಿಷೇಧಿಸಿತು. 75,000 ಹೆಣ್ಣುಮಕ್ಕಳ ಕೆಲಸ ಹೋಯಿತೆಂಬ ಮಾತು ಕೋರ್ಟಿನವರೆಗೂ ಬಂತು. ಮೂರು ನಕ್ಷತ್ರ ಮತ್ತು ಅದಕ್ಕೆ ಮೇಲ್ಪಟ್ಟ ಹೋಟೆಲುಗಳಿಗೆ ಮಾತ್ರ ವಿನಾಯಿತಿ! ಬಡವರ ಬಾರಿನಲ್ಲಿ ಕುಣಿದರೆ ನೀತಿ ಕೆಡುತ್ತದೆ, ಸಾಹುಕಾರರ ಹೋಟೆಲಿನಲ್ಲಿ ಕುಣಿದರೆ ಕೆಡುವುದಿಲ್ಲ. ಹೈಕೋರ್ಟು 2006ರಲ್ಲಿ ಇದನ್ನು ರದ್ದು ಮಾಡಿತು. 2013ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಎಂಟು ವರ್ಷ. ಅಷ್ಟು ವರ್ಷ ಆ ಹೆಣ್ಣುಮಕ್ಕಳು ಏನು ಉಂಡರು ಎಂದು ನೀತಿವಂತರು ಕೇಳಲಿಲ್ಲ. ನಮ್ಮಲ್ಲೂ 1982ರ ಕಾನೂನು ದೇವದಾಸಿ ಬಿಡುವುದನ್ನು ಅಪರಾಧ ಮಾಡಿತು. ಒಳ್ಳೆಯದೇ ಆಯಿತು. ಆದರೆ ಭೂಮಿ ಇಲ್ಲದವಳಿಗೆ ಕಾನೂನಿನ ಕಾಗದ ರೊಟ್ಟಿಯಾಗುವುದಿಲ್ಲ.

ಈಗ ನಮ್ಮ ಮಾಸ್ತರರಿಗೆ, ಅಕ್ಕೋರಿಗೆ ಒಂದು ಮಾತು. ಶಾಲೆಯ ಗ್ಯಾದರಿಂಗು ನೆನಪು ಮಾಡಿಕೊಳ್ಳಿ. ಐದನೆಯ ಇಯತ್ತೆಯ ಹುಡುಗಿಗೆ ತುಟಿಗೆ ಬಣ್ಣ ಬಳಿದು, ಸಿನೆಮಾದ ಯಾವುದೋ ಹಾಡಿಗೆ ಸೊಂಟ ಕುಣಿಸಲು ಕಲಿಸತೀವಿ. ಹುಡುಗರು ಕಪ್ಪು ಕನ್ನಡಕ ಹಾಕಿಕೊಂಡು ಸುತ್ತ ನಿಂತರೆ ಸಾಕು. ಎಸ್‌ಡಿಎಂಸಿಯವರು ಚಪ್ಪಾಳೆ ತಟ್ಟತಾರ, ಮೊಬೈಲಿನಲ್ಲಿ ತೆಗೀತಾರ. ಅದೇ ಹುಡುಗಿ ಹದಿನಾರಕ್ಕೆ ತಾನೇ ಮೊಬೈಲು ಹಿಡಿದು ಅದೇ ಕುಣಿತವನ್ನು ರೀಲ್ಸ್ ಮಾಡಿದರೆ ಅಪ್ಪ ಬಾರಕೋಲು ಹುಡುಕತಾನ. ಕಲಿಸಿದವರು ಯಾರು? ರೀಲ್ಸಿನಲ್ಲೂ ಅದೇ ಲೆಕ್ಕ: ಲೈಕು ಕೊಡುವುದು ಕುಣಿತಕ್ಕೆ, ಕೆಳಗೆ ಬಯ್ಗುಳ ಬರೆಯುವುದು ಕುಣಿದವಳಿಗೆ. ತೊರವಿಯಲ್ಲಿ ಹೆಣ್ಣುಮಕ್ಕಳಿಗೆಂದೇ ವಿಶ್ವವಿದ್ಯಾಲಯವಿದೆ, ಅಕ್ಕಮಹಾದೇವಿಯ ಹೆಸರಿನಲ್ಲಿ. ಅಲ್ಲಿಗೆ ಹೋಗುವ ಹುಡುಗಿಯರು ಇದನ್ನೆಲ್ಲ ನಮಗಿಂತ ಚೆನ್ನಾಗಿ ಬಲ್ಲರು. ಅವರು ಬರೆಯಬೇಕು, ನಾವು ಓದಬೇಕು.

ಹನ್ನೆರಡನೆಯ ಶತಮಾನದ ಸೂಳೆ ಸಂಕವ್ವೆಯ ಒಂದೇ ಒಂದು ವಚನ ಉಳಿದಿದೆ. ಒಬ್ಬನ ಹಣ ಮುಟ್ಟಿದ ಮೇಲೆ ಇನ್ನೊಬ್ಬನದನ್ನು ಮುಟ್ಟುವುದಿಲ್ಲವೆಂಬ ತನ್ನ ಕಸುಬಿನ ಕಟ್ಟಳೆಯನ್ನೇ ಆಕೆ ವ್ರತದ ಮಾತು ಮಾಡಿದ್ದಾಳೆ. ಆಕೆಯ ಅಂಕಿತ ‘ನಿರ್ಲಜ್ಜೇಶ್ವರ’. ಊರು ತನ್ನ ಮೇಲೆ ಎಸೆದ ಲಜ್ಜೆಯನ್ನು ದೇವರ ಹೆಸರಿನಲ್ಲೇ ಕಳಚಿಟ್ಟವಳು. ಕಸುಬಿನೊಳಗೂ ಆಕೆಗೆ ಒಂದು ‘ಒಲ್ಲೆ’ ಇತ್ತು.

ಆ ಒಲ್ಲೆಯನ್ನು ಜಾತ್ರೆಯ ವೇದಿಕೆಗೆ ತರುವುದು ಅಷ್ಟೇನೂ ಕಷ್ಟವಲ್ಲ. ಕೂಲಿ ಮೊದಲೇ ಗೊತ್ತಾಗಬೇಕು, ಹಾರುವ ನೋಟಿನ ಮೇಲೆ ನಿಲ್ಲಬಾರದು. ಯಾವ ಹಾಡಿಗೆ ಕುಣಿಯಬೇಕೆಂಬುದನ್ನು ಕುಣಿಯುವಾಕಿ ಹೇಳಬೇಕು. ಯಾರಾದರೂ ಕುಡಿದು ವೇದಿಕೆ ಏರಿದರೆ ಆಕೆ ಅಲ್ಲಿಗೇ ನಿಲ್ಲಿಸಬಹುದು, ಕೂಲಿ ಮಾತ್ರ ಪೂರ್ತಿ ಸಲ್ಲಬೇಕು. ನಡುರಾತ್ರಿ ಆಕೆಯನ್ನು ಊರು ಮುಟ್ಟಿಸುವ ಗಾಡಿ ಪಟ್ಟಿ ಎತ್ತಿದವರ ಜವಾಬ್ದಾರಿ. ಇಷ್ಟನ್ನು ಜಾತ್ರಾ ಕಮಿಟಿಯ ಮುಂದೆ ಇಟ್ಟು ನೋಡಿರಿ. ಹಂಗಾದ್ರ ಮಂದಿ ಯಾಕ ಬರ್ತಾರ ಅಂತ ಕೇಳತಾರ.