ಹೆಂಡದಂಗಡಿಯ ಅಣ್ಣನನ್ನು ಹೇಗೆ ನೆನೆಯೋಣ?

ಊರೆಲ್ಲ ಪ್ರೀತಿಸುತ್ತಿದ್ದ ಹೆಂಡದಂಗಡಿಯ ಮಾಲೀಕನೊಬ್ಬ ತೀರಿಕೊಂಡರೆ ಅವನ ಬಗ್ಗೆ ನಾವು ಏನು ಹೇಳಬೇಕು? ಕೆಜಿಎಫ್, ಬಂಗಾರಪೇಟೆಯಂಥ ಊರುಗಳಲ್ಲಿ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಮಣ್ಣಿಗೆ ಬಂದವರಲ್ಲಿ ಒಬ್ಬರು ‘ಅಣ್ಣ ಬಂಗಾರದಂಥ ಮನುಷ್ಯ’ ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಅಲ್ಲೇ ನಿಂತ ತಾಯಿಯೊಬ್ಬಳು ಮಾತೇ ಆಡುವುದಿಲ್ಲ. ಅವಳ ಗಂಡನ ದುಡಿಮೆಯೆಲ್ಲ ಆ ಅಂಗಡಿಯ ಗಲ್ಲಾಪೆಟ್ಟಿಗೆ ಸೇರಿತ್ತು. ಇಬ್ಬರದೂ ನಿಜವೇ.

ಮೊದಲು ಆ ಪ್ರೀತಿಯ ಕಾರಣ ತಿಳಿಯೋಣ. ಚಾಂಪಿಯನ್ ರೀಫ್ ಗಣಿ ನೆಲದಡಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಕೆಳಗೆ ತಡೆಯಲಾರದ ಸೆಕೆ, ಬಂಡೆ ಸಿಡಿಯುವ ಭಯ, ಶ್ವಾಸಕೋಶ ಸೇರುವ ಕಲ್ಲಿನ ಧೂಳು. ಪಾಳಿ ಮುಗಿಸಿ ಬಂದವನಿಗೆ ಬೇಕಾಗಿದ್ದದ್ದು ಕುಡಿತ ಮಾತ್ರವಲ್ಲ. ಕೂರಲು ಒಂದು ಬೆಂಚು, ಹೆಸರು ಹಿಡಿದು ಕರೆಯುವ ಒಬ್ಬ ಮನುಷ್ಯ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಎಷ್ಟೋ ಮಂದಿ ಕೂಲಿ ಹುಡುಕಿ ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿನ ರೈಲು ಹತ್ತಿದರು. ಮನಸ್ಸು ಮುರಿದವರಿಗೆ ಇಂಥ ಅಂಗಡಿಯ ಬಾಗಿಲು ತೆರೆದೇ ಇತ್ತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಆದರೂ ಕುಡಿತ ನಿಲ್ಲಲಿಲ್ಲ.

ಕಸುಬೇ ಪಾಪವೆಂದು ಧರ್ಮಸಭೆ ಹೇಳುವುದಿಲ್ಲ. ನಾಲ್ಕನೆಯ ಶತಮಾನದ ಆರಂಭದಲ್ಲಿ ಅಂಕಾರಾದಲ್ಲಿ ರಕ್ತಸಾಕ್ಷಿಯಾದ ಸಂತ ಥಿಯೊಡೊಟಸ್ ಮದ್ಯದಂಗಡಿಯವನೇ ಆಗಿದ್ದನೆಂದು ಪರಂಪರೆ ಹೇಳುತ್ತದೆ. ಹಿಂಸೆಗೆ ಒಳಗಾದ ಕ್ರೈಸ್ತರಿಗೆ ಅವನ ಅಂಗಡಿಯೇ ಆಸರೆ. ಹಾಗಾದರೆ ದೋಷ ಎಲ್ಲಿದೆ? ಉದ್ರಿ ಪುಸ್ತಕದಲ್ಲಿ ಹುಡುಕೋಣ.

‘ಇವತ್ತು ಕುಡಿ, ಸಂಬಳದ ದಿನ ಕೊಡು’ ಎನ್ನುವ ಅಣ್ಣ ಗೆಳೆಯನಿಗೆ ದಯಾಳು. ಆದರೆ ಆ ದಯೆಯ ಸಾಲ ತೀರಿಸುವವರು ಯಾರು? ಮಗುವಿನ ಹಾಲು, ಶಾಲೆಯ ಫೀಸು. ಸಮಾರಿಯದವನ ಸಾಮತಿಯಲ್ಲಿಯೂ ಒಬ್ಬ ಛತ್ರದವನಿದ್ದಾನೆ. ಎರಡು ದಿನಾರಿ ಪಡೆದು, ಮಿಕ್ಕದ್ದಕ್ಕೆ ಬರಿಯ ಮಾತನ್ನು ನಂಬಿ, ಗಾಯಾಳುವನ್ನು ನೋಡಿಕೊಂಡ. ಅದೂ ಉದ್ರಿಯೇ. ಆದರೆ ಅದು ಗಾಯ ಮಾಗಿಸಿದ ಉದ್ರಿ. ಗಾಯವನ್ನು ಆಳವಾಗಿಸುವ ಉದ್ರಿಯೂ ಒಂದಿದೆ.

ಡಬ್ಲಿನ್ನಿನ ಕೂಲಿಕಾರ ಮ್ಯಾಟ್ ಟಾಲ್ಬಟ್ 1884ರಲ್ಲಿ ಒಂದು ದಿನ ಕಾಸಿಲ್ಲದೆ ಅಂಗಡಿಯ ಹೊರಗೆ ನಿಂತಿದ್ದ. ಅವನಿಂದ ಕುಡಿದಿದ್ದ ಗೆಳೆಯರು ಒಬ್ಬರೂ ಅವನಿಗೆ ಕುಡಿಸಲಿಲ್ಲ. ಮನೆಗೆ ಹೋದವನು ಕುಡಿತ ಬಿಡುವ ಪ್ರತಿಜ್ಞೆ ಮಾಡಿದ. ಮುಂದೆ ಅಂಗಡಿಗಳ ಹಳೆಯ ಬಾಕಿಯನ್ನೂ ತೀರಿಸಿದ. 1925ರಲ್ಲಿ ತೀರಿಕೊಂಡ ಅವನನ್ನು 1975ರಲ್ಲಿ ಧರ್ಮಸಭೆ ಪೂಜ್ಯನೆಂದು ಸಾರಿತು. ಅಂದು ಯಾರಾದರೂ ‘ಪ್ರೀತಿಯಿಂದ’ ಒಂದು ಲೋಟ ಕೊಡಿಸಿದ್ದರೆ? ಕೆಲವೊಮ್ಮೆ ‘ಸಾಕು, ಮನೆಗೆ ಹೋಗಪ್ಪ’ ಎನ್ನುವುದೇ ದೊಡ್ಡ ದಯೆ. ಅಂಗಡಿಯ ಅಣ್ಣ ಎಷ್ಟು ಜನಕ್ಕೆ ಹೀಗೆ ಹೇಳಿದ ಎಂಬುದರಿಂದ ಅವನ ಒಳ್ಳೆಯತನವನ್ನು ಅಳೆಯಬೇಕು.

ಅದನ್ನು ಪೂರ್ತಿ ಅಳೆಯಬಲ್ಲವನು ದೇವರೊಬ್ಬನೇ. ಆದ್ದರಿಂದಲೇ ನಾವು ಸತ್ತವರಿಗಾಗಿ ಪೂಜೆ ಒಪ್ಪಿಸುತ್ತೇವೆ. ಸತ್ತವನು ತಪ್ಪಿಲ್ಲದವನಾಗಿದ್ದರೆ ಪ್ರಾರ್ಥನೆಯ ಅಗತ್ಯವೇನು? ಕೆಟ್ಟವನೇ ಆಗಿದ್ದರೆ ಪ್ರೀತಿಯ ಕಣ್ಣೀರೇಕೆ? ಹೊಗಳಿಕೆಯ ಮಾತಿಗೆ ಆ ತಾಯಿ ತಲೆದೂಗಲಾರಳು. ಆದರೆ ‘ಪ್ರಭುವೇ, ಕರುಣಿಸು’ ಎಂದು ಬೇಡಲು ಅವಳು ಸುಳ್ಳಾಡಬೇಕಾಗಿಲ್ಲ. ಬೇಡಲು ಅವಳಿಗೆ ಸಮಯ ಬೇಕಾದರೆ ಅವಸರಪಡಿಸಬೇಡಿ.

ನಮಗೂ ಕೆಲಸ ಉಳಿದಿದೆ. ಆ ಬೆಂಚು ಕೊಟ್ಟ ಒಡನಾಟವನ್ನು ಲೋಟವಿಲ್ಲದೆ ಕೊಡಲು ನಮ್ಮ ಧರ್ಮಕೇಂದ್ರಕ್ಕೆ ಸಾಧ್ಯವೇ? ಇನ್ನು ಅಣ್ಣನ ಮಕ್ಕಳಿಗೆ ಒಂದು ಮಾತು: ತಂದೆಯ ಹೆಸರಿನಲ್ಲಿ ದೊಡ್ಡ ಕಲ್ಲು ಕೆತ್ತಿಸುವ ಮೊದಲು ಆ ಉದ್ರಿ ಪುಸ್ತಕವನ್ನು ಒಲೆಗೆ ಹಾಕಿ. ಅವರ ಆತ್ಮಶಾಂತಿಗೆ ಅದಕ್ಕಿಂತ ಒಳ್ಳೆಯ ಕಾಣಿಕೆಯಿಲ್ಲ.