ಹೊಟ್ಟಿಗೂ ಬೇಕು ಆರೈಕೆ

ಸಾಮಿಲ್ ಇರುವ ಬೀದಿಯಲ್ಲಿ ಹಾದುಹೋಗುವಾಗ ಮೂಲೆಯಲ್ಲಿ ರಾಶಿ ಬಿದ್ದ ಮರದ ಹೊಟ್ಟು ನಮ್ಮೆಲ್ಲರ ಕಣ್ಣಿಗೂ ಬಿದ್ದಿರುತ್ತದೆ. ಹಿಂದೆ ಅದನ್ನು ಮೂಟೆಯಲ್ಲಿ ತಂದು, ತಗಡಿನ ಒಲೆಗೆ ಒತ್ತಿ ತುಂಬಿ, ಸ್ನಾನದ ನೀರು ಕಾಯಿಸುತ್ತಿದ್ದ ಮನೆಗಳು ಎಷ್ಟೋ. ಈಗ ಅದೇ ಹೊಟ್ಟು ಪ್ಲಾಸ್ಟಿಕ್ಕಿನೊಡನೆ ಬೆರೆತು ಬಚ್ಚಲುಮನೆಯ ಬಾಗಿಲಾಗಿ, ಚೌಕಟ್ಟಾಗಿ, ಪಾರ್ಕಿನ ಬೆಂಚಿನ ಹಲಗೆಯಾಗಿ ಬರುತ್ತಿದೆ. ಅಂಗಡಿಯವರು ಅದನ್ನು ‘ಡಬ್ಲ್ಯೂಪಿಸಿ’ ಎನ್ನುತ್ತಾರೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲೂ ಇಂಥ ಮಿಶ್ರಣಗಳ ಸಂಶೋಧನೆ ನಡೆದಿದೆ. ಕಸ ಕೆಲಸಕ್ಕೆ ಬಂತೆಂಬುದು ಸಂತೋಷವೇ. ಆದರೆ ಕೆಲಸಕ್ಕೆ ಬರುವ ಮೊದಲು ಆ ಹೊಟ್ಟಿಗೆ ಎಷ್ಟು ಆರೈಕೆ ನಡೆಯುತ್ತದೆ ಎಂಬುದು ಇನ್ನೂ ಹೆಚ್ಚು ಗಮನಿಸಬೇಕಾದ ಸಂಗತಿ.

ನೋಡಲು ಒಣಗಿದಂತಿರುವ ಹೊಟ್ಟಿನಲ್ಲೂ ನೂರಕ್ಕೆ ಹತ್ತರಷ್ಟು ನೀರು ಅಡಗಿರಬಹುದು. ಅದನ್ನು ಹಾಗೆಯೇ ಕರಗಿದ ಪ್ಲಾಸ್ಟಿಕ್ಕಿಗೆ ಸುರಿದರೆ ನೀರು ಆವಿಯಾಗಿ ಒಳಗೊಳಗೇ ಗುಳ್ಳೆ ಕಟ್ಟುತ್ತದೆ. ಮೇಲೆ ನಯವಾಗಿ ಕಂಡ ಹಲಗೆ ಭಾರ ಬಿದ್ದಾಗ ಅಲ್ಲೇ ಬಿರಿಯುತ್ತದೆ. ಆದ್ದರಿಂದ ಮೊದಲು ಜರಡಿ ಹಿಡಿಯುತ್ತಾರೆ, ಆಮೇಲೆ ಸುಮಾರು 100 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಒಣಗಿಸುತ್ತಾರೆ. ಬೆರೆಸುವಾಗ ಶಾಖ 200 ಡಿಗ್ರಿ ದಾಟಿದರೆ ಮರ ಸೀಯತೊಡಗುತ್ತದೆ. ಹಾಗಾಗಿ 165 ಡಿಗ್ರಿಯ ಆಸುಪಾಸಿನಲ್ಲಿ ಕರಗುವ ಪಾಲಿಪ್ರೊಪಿಲೀನ್‌ನಂಥ ಪ್ಲಾಸ್ಟಿಕ್ಕೇ ಸರಿ. ಇಷ್ಟಾದರೂ ಎರಡಕ್ಕೂ ಹೊಂದಿಕೆಯಿಲ್ಲ. ಮರ ನೀರನ್ನು ಎಳೆದುಕೊಳ್ಳುವಂಥದ್ದು, ಪ್ಲಾಸ್ಟಿಕ್ ನೀರನ್ನು ದೂರವಿಡುವಂಥದ್ದು. ಮ್ಯಾಲಿಯಿಕ್ ಅನ್‌ಹೈಡ್ರೈಡ್ ಎಂಬ ರಾಸಾಯನಿಕ ಅಂಟಿಸಿದ ಪಾಲಿಪ್ರೊಪಿಲೀನನ್ನು ನೂರಕ್ಕೆ ಕೆಲವೇ ಭಾಗ ಸೇರಿಸಿದಾಗ ಅದರ ಒಂದು ತುದಿ ಮರದ ನಾರಿಗೆ ಕಚ್ಚಿಕೊಳ್ಳುತ್ತದೆ, ಉಳಿದ ಸರಪಳಿ ಪ್ಲಾಸ್ಟಿಕ್ಕಿನೊಳಗೆ ಹೆಣೆದುಕೊಳ್ಳುತ್ತದೆ.

ಪರೀಕ್ಷೆಯಲ್ಲಿ ಫಲ ಕಾಣುತ್ತದೆ. ತೂಕದಲ್ಲಿ ನೂರಕ್ಕೆ 40ರಷ್ಟು ಮರದ ಪುಡಿ ಸೇರಿದರೆ ಪಾಲಿಪ್ರೊಪಿಲೀನಿನ ಬಿಗಿತ ಎರಡುಪಟ್ಟು ಮೀರಬಲ್ಲದು. ಆದರೆ ಬೆಸೆಯುವ ಆ ವಸ್ತುವಿಲ್ಲದಿದ್ದರೆ ಎಳೆತ ತಾಳುವ ಬಲ ಏರುವ ಬದಲು ತಗ್ಗುವುದೇ ಹೆಚ್ಚು. ಪೆಟ್ಟು ತಾಳುವ ಗುಣವಂತೂ ಕುಸಿಯುತ್ತದೆ. ಬರೀ ಪ್ಲಾಸ್ಟಿಕ್ಕು ಬಾಗಿ ಸಹಿಸಿಕೊಳ್ಳುವ ಹೊಡೆತಕ್ಕೆ ಈ ಮಿಶ್ರಣ ಸೀಳಿಹೋಗುತ್ತದೆ. ದೀರ್ಘಕಾಲ ಭಾರ ಹೊರಿಸಿದರೆ ನಿಧಾನವಾಗಿ ಜೋಲುವುದೂ ಉಂಟು. ಬಾಗಿಲಿಗೆ ಆದೀತು, ಮನೆಯ ತೊಲೆಗೆ ಆಗದು. ಗಳಿಸಿದ್ದರ ಪಕ್ಕದಲ್ಲೇ ಕಳೆದುಕೊಂಡದ್ದನ್ನೂ ಬರೆದಿಡುವ ಈ ವಿದ್ಯೆಯ ಪ್ರಾಮಾಣಿಕತೆ ನನಗೆ ಬಹಳ ಹಿಡಿಸುತ್ತದೆ.

ಕೆಲಸಕ್ಕೆ ಬರುವ ಮೊದಲು ಆರೈಕೆ ಬೇಕಾದದ್ದು ಹೊಟ್ಟಿಗೆ ಮಾತ್ರವಲ್ಲ. ಹಬ್ಬಕ್ಕೆ ಮುಂಚೆ ಅಟ್ಟ ಖಾಲಿ ಮಾಡುವಾಗ ನಾವೂ ಎಷ್ಟೋ ಸಾಮಾನುಗಳನ್ನು ‘ಯಾರಿಗಾದರೂ ಆದೀತು’ ಎಂದು ಚೀಲಕ್ಕೆ ತುಂಬುತ್ತೇವೆ. ಗುಂಡಿ ಕಿತ್ತ ಅಂಗಿ, ಜಿಪ್ ಹೋದ ಶಾಲೆಯ ಚೀಲ, ಅರ್ಧ ಪುಟ ಹರಿದ ಪಠ್ಯಪುಸ್ತಕ. ಉದ್ದೇಶ ಒಳ್ಳೆಯದೇ, ಸಂಶಯವಿಲ್ಲ. ಆದರೆ ಆರಿಸುವ, ಒಗೆಯುವ, ಹೊಲಿಯುವ ಶ್ರಮವನ್ನೆಲ್ಲ ಪಡೆಯುವವರ ತಲೆಗೆ ಕಟ್ಟಿದರೆ ಅವರ ಮನೆಗೆ ಹೋದದ್ದು ನಮ್ಮ ಮನೆಯ ಹೊರೆ ಮಾತ್ರ. ಈ ಸಲ ಚೀಲ ಕಟ್ಟುವ ಮುಂಚೆ ಒಂದು ಮಧ್ಯಾಹ್ನ ಸೂಜಿದಾರ ಹಿಡಿದು ಕೂರೋಣ. ಇನ್ನು ರಿಪೇರಿಯಾಗದು ಎನಿಸಿದ್ದನ್ನು ಒಣಕಸದ ಗಾಡಿಗೇ ಹಾಕೋಣ. ಫ್ಯಾನು ಮೂರನೇ ನಂಬರಿನಲ್ಲಿ ಮಾತ್ರ ತಿರುಗುವುದಾದರೆ ಆ ಮಾತನ್ನು ಮೊದಲೇ ಹೇಳಿಬಿಡೋಣ. ಕುಕ್ಕರ್ ಕೊಡುವುದಾದರೆ ಹೊಸ ಗ್ಯಾಸ್ಕೆಟ್ ಹಾಕಿಸಿ, ನಮ್ಮ ಒಲೆಯ ಮೇಲೆ ಒಮ್ಮೆ ಅನ್ನ ಮಾಡಿ ನೋಡಿಯೇ ಕೊಡೋಣ.