ಯಾವಾಗ ಬೇಕಾದರೂ

ಮಗಳಿಗೆ ಎಂಟು ತುಂಬಿದಾಗ ಅವಳು ಕೇಳಿದ್ದು ಒಂದೇ: ಊರಾಚೆ, ಡೊಂಬಿವಿಲಿಯಿಂದ ಎರಡು ಗಂಟೆ ದಾರಿಯಲ್ಲಿರುವ ಥೀಮ್ ಪಾರ್ಕ್. ರಾತ್ರಿ ಊಟವಾದ ಮೇಲೆ ಫೋನ್ ಹಿಡಿದು ಕೂತೆ. ಒಂದು ದಿನದ ಟಿಕೆಟ್ ಇತ್ತು, ದಿನದ ಲೆಕ್ಕದಲ್ಲಿ ತುಸು ಅಗ್ಗವಾದ ಎರಡು ದಿನದ ಪಾಸ್ ಇತ್ತು, ವರ್ಷದ ಪಾಸೂ ಇತ್ತು. ವರ್ಷದ್ದನ್ನು ಕೊಂಡರೆ ಮೂರು ಸಲ ಹೋದಾಗ ಅಸಲು ಹುಟ್ಟುತ್ತಿತ್ತು, ನಾಲ್ಕನೆಯ ಸಲದಿಂದ ಎಲ್ಲ ಪುಕ್ಕಟೆ. ಎರಡು ದಿನದ್ದೇ ಸಾಕು ಎಂದಳು ಹೆಂಡತಿ. ವರ್ಷಕ್ಕೆ ಐವತ್ತೆರಡು ಭಾನುವಾರ ಇವೆ, ಅದರಲ್ಲಿ ಮೂರು ಸಿಗುವುದಿಲ್ಲವೇ ಎಂದು ನಾನು. ಮೂವರಿಗೂ ವರ್ಷದ ಪಾಸ್ ತೆಗೆದೆ.

ಮುಂಬಯಿಯಲ್ಲಿ ಹದಿನೈದು ವರ್ಷ ಕಳೆದವನಿಗೆ ಪಾಸ್ ಎಂಬ ಪದದ ಮೇಲೆ ವಿಶೇಷ ನಂಬಿಕೆ. ಇಲ್ಲಿಗೆ ಬಂದ ಮೊದಲ ವಾರದಲ್ಲೇ ಯಾರೋ ಒಬ್ಬರು ಹೇಳಿಕೊಡುತ್ತಾರೆ: ಲೋಕಲ್ ಟ್ರೇನಿಗೆ ದಿನಾ ಟಿಕೆಟ್ ತೆಗೆಯುವವನು ದಡ್ಡ, ತಿಂಗಳದ್ದೋ ಮೂರು ತಿಂಗಳದ್ದೋ ಪಾಸ್ ಮಾಡಿಸು. ಮಾಡಿಸಿದೆ, ಇವತ್ತಿಗೂ ಮಾಡಿಸುತ್ತಿದ್ದೇನೆ, ಒಮ್ಮೆಯೂ ನಷ್ಟವಾಗಿಲ್ಲ. ಆದರೆ ಆ ಲಾಭದ ಗುಟ್ಟು ಪಾಸಿನಲ್ಲಿರಲಿಲ್ಲ. ಬೆಳಗಿನ ಗಾಡಿಗೆ ನಾನು ಹೋಗಲೇಬೇಕೆಂದು ಆಫೀಸು ಮೊದಲೇ ತೀರ್ಮಾನಿಸಿತ್ತು. ಹೋಗುವುದು ಖಚಿತವಿದ್ದಲ್ಲಿ ಪಾಸು ಅದನ್ನು ಅಗ್ಗ ಮಾಡುತ್ತದೆ, ಅಷ್ಟೇ. ಹೋಗಬೇಕೆಂಬ ತೀರ್ಮಾನವನ್ನು ಅದು ತಂದುಕೊಡುವುದಿಲ್ಲ. ಇದು ಅರ್ಥವಾಗಲು ನನಗೆ ಒಂದು ವರ್ಷ ಮತ್ತು ಮೂರು ಪಾಸುಗಳ ದುಡ್ಡು ಬೇಕಾಯಿತು.

ಹುಟ್ಟುಹಬ್ಬದ ದಿನ ಹೋದೆವು. ಅವಳ ಖುಷಿಗೆ ಪಾರವಿರಲಿಲ್ಲ. ಮಧ್ಯಾಹ್ನ ಮೂರಕ್ಕೇ ನಾನು ಹೊರಡಿಸಿದೆ. ಇನ್ನೂ ನೋಡುವುದಿದೆ ಎಂದು ಅವಳು ಮುಖ ಸಣ್ಣ ಮಾಡಿದಾಗ, "ಪಾಸ್ ಇದೆಯಲ್ಲ ಪುಟ್ಟಿ, ಯಾವಾಗ ಬೇಕಾದರೂ ಬರಬಹುದು" ಎಂದೆ. ಮುಂದಿನ ತಿಂಗಳುಗಳಲ್ಲಿ ಆ ಮಾತನ್ನು ಎಷ್ಟು ಸಲ ಆಡಿದೆನೋ ಲೆಕ್ಕವಿಲ್ಲ. ಈ ಭಾನುವಾರ ಹೋಗೋಣವಾ? ಯಾವಾಗ ಬೇಕಾದರೂ ಹೋಗಬಹುದಲ್ಲ, ಈ ವಾರ ಸ್ವಲ್ಪ ಕೆಲಸ. ದೀಪಾವಳಿ ರಜೆಯಲ್ಲಿ? ಆಗ ಬಹಳ ರಶ್ಶು, ಯಾವಾಗ ಬೇಕಾದರೂ ಹೋಗಬಹುದು. ಕ್ರಮೇಣ ಅವಳು ಕೇಳುವುದನ್ನು ಬಿಟ್ಟಳು. ನನಗೆ ಅದೂ ಗೊತ್ತಾಗಲಿಲ್ಲ, ನಿರಾಳವಾಯಿತು ಅಂದುಕೊಂಡೆ.

ಇಂಥ ತಪ್ಪು ನನ್ನೊಬ್ಬನದಲ್ಲ. ಸ್ಟೆಫಾನೊ ಡೆಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ಮೂರು ಜಿಮ್‌ಗಳ ಸದಸ್ಯರ ಹಾಜರಿ ಲೆಕ್ಕವನ್ನು ಅಭ್ಯಸಿಸಿ 2006ರಲ್ಲಿ ಪ್ರಬಂಧ ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗಿಂತ ಹೆಚ್ಚು ಕಟ್ಟುತ್ತಿದ್ದವರು ಹೋಗುತ್ತಿದ್ದುದು ಸರಾಸರಿ 4.3 ಸಲ. ಅಂದರೆ ಪ್ರತಿ ಭೇಟಿಗೆ 17 ಡಾಲರಿಗೂ ಮೇಲೆ ಬೀಳುತ್ತಿತ್ತು. ಅದೇ ಜಿಮ್‌ಗಳಲ್ಲಿ ಹತ್ತು ಭೇಟಿಯ ಪಾಸ್ ಕೊಂಡಿದ್ದರೆ ಭೇಟಿಗೆ 10 ಡಾಲರ್ ಸಾಕಿತ್ತು. ಇವರು ಲೆಕ್ಕ ಬಾರದವರೇನಲ್ಲ. ನಾಳೆಯ ತಮ್ಮನ್ನು ಇವತ್ತಿನ ತಮಗಿಂತ ಒಳ್ಳೆಯವರೆಂದು ನಂಬಿದವರು.

ನನ್ನ ವಿಷಯದಲ್ಲಿ ಆ ನಂಬಿಕೆಗೆ ಇನ್ನೊಂದು ಬಣ್ಣವಿತ್ತು. ಜಿಮ್ಮಿಗೆ ಹೋಗದವನು ಮೋಸ ಮಾಡುವುದು ತನಗೇ. ನಾನು ಪಾಸ್ ತೆಗೆದದ್ದು ಮಗಳ ಹೆಸರಿನಲ್ಲಿ. ವಾರದ ಐದು ದಿನ ಅವಳು ಏಳುವ ಮೊದಲು ಹೊರಟು, ಮಲಗುವ ಹೊತ್ತಿಗೆ ಬರುವ ಅಪ್ಪ ನಾನು. ಆ ರಾತ್ರಿ 'ಖರೀದಿಸಿ' ಎಂಬ ಗುಂಡಿ ಒತ್ತಿದಾಗ ಎದೆಯ ಮೇಲಿನ ಭಾರವೊಂದು ಇಳಿದಂತಾಗಿತ್ತು. ವರ್ಷವಿಡೀ ಮಗಳಿಗೆ ಕೊಡಬೇಕಾಗಿದ್ದನ್ನು ಒಂದೇ ಕಂತಿನಲ್ಲಿ ಕೊಟ್ಟು ಮುಗಿಸಿದ ಸಮಾಧಾನ. ಕೊಟ್ಟದ್ದು ಮಾತ್ರ ಏನೂ ಇರಲಿಲ್ಲ. ಗೇಟಿನೊಳಗೆ ಹೋಗುವ ಅನುಮತಿ ಇತ್ತು, ಹೋಗುವ ದಿನ ಇರಲಿಲ್ಲ.

ಹನ್ನೊಂದನೆಯ ತಿಂಗಳಲ್ಲಿ ಪಾಸ್ ಮುಗಿಯುತ್ತಿದೆ ಎಂಬ ಸಂದೇಶ ಬಂತು. ಆಗ ನನ್ನೊಳಗಿನ ಲೆಕ್ಕಿಗ ಎದ್ದ. ಆಗಿದ್ದುದು ಎರಡೇ ಭೇಟಿ, ಅಸಲೂ ಹುಟ್ಟಿಲ್ಲ! ಮುಂದಿನ ಭಾನುವಾರವೇ ಎಂದು ಹುಕುಂ ಹೊರಡಿಸಿದೆ. ಅಂದು ಕೆಳಗಿನ ಮನೆಯ ಗೆಳತಿಯ ಜೊತೆ ಗಣಪತಿಗೆ ಮಖರ ಮಾಡುವುದಿದೆ ಎಂದಳು. ಮಖರ ನಾಳೆ ಮಾಡಬಹುದು ಎಂದೆ. ಮಳೆ ಬೇರೆ. ಅರ್ಧ ರೈಡುಗಳು ನಿಂತಿದ್ದವು. ಉಳಿದವುಗಳ ಮುಂದೆ ಅವಳನ್ನು ಸಾಲಿನಿಂದ ಸಾಲಿಗೆ ಎಳೆದಾಡಿದೆ. ವಾಪಸು ಬರುವಾಗ ಕಾರಿನಲ್ಲಿ ಒದ್ದೆ ತಲೆ ಒರೆಸಿಕೊಳ್ಳುತ್ತ ಅವಳು ಕೇಳಿದಳು: "ಅಪ್ಪಾ, ದುಡ್ಡು ವಸೂಲಾಯ್ತಾ?" ಕೊಂಕಿರಲಿಲ್ಲ ಆ ಪ್ರಶ್ನೆಯಲ್ಲಿ. ನಾವು ಹೋದದ್ದು ಅದಕ್ಕೇ ಎಂದು ಅವಳು ತಿಳಿದಿದ್ದಳು, ಕೆಲಸವಾಯಿತೇ ಎಂದು ವಿಚಾರಿಸಿದಳು. ನಾನು ವೈಪರ್ ನೋಡುತ್ತ ಗಾಡಿ ಓಡಿಸಿದೆ.

ಕಟ್ಟಿದ ದುಡ್ಡು ಮನುಷ್ಯನನ್ನು ಹೀಗೆ ನಡೆಸುತ್ತದೆ ಎಂಬುದನ್ನೂ ಪರೀಕ್ಷಿಸಿ ನೋಡಿದ್ದಾರೆ. 1985ರಲ್ಲಿ ಪ್ರಕಟವಾದ ಆರ್ಕ್ಸ್ ಮತ್ತು ಬ್ಲೂಮರ್ ಅವರ ಅಧ್ಯಯನದಲ್ಲಿ, ಓಹಾಯೊ ವಿಶ್ವವಿದ್ಯಾಲಯದ ರಂಗಮಂದಿರದಲ್ಲಿ ಇಡೀ ಹಂಗಾಮಿನ ಟಿಕೆಟ್ ಕೊಂಡ ಕೆಲವರಿಗೆ ಅವರು ಕೇಳದೆಯೇ ರಿಯಾಯಿತಿ ಕೊಟ್ಟರು. ಹಂಗಾಮಿನ ಮೊದಲರ್ಧದಲ್ಲಿ, ಪೂರ್ತಿ ಬೆಲೆ ಕೊಟ್ಟವರು ರಿಯಾಯಿತಿ ಪಡೆದವರಿಗಿಂತ ಹೆಚ್ಚು ನಾಟಕಗಳಿಗೆ ಬಂದರು. ನಾಟಕಗಳು ಅವೇ, ಕುರ್ಚಿಗಳು ಅವೇ. ಹೆಚ್ಚು ಕಳೆದುಕೊಂಡವರಿಗೆ ಹೆಚ್ಚು ವಸೂಲಿ ಬಾಕಿ ಇತ್ತು. ನಾಟಕದ ಮಟ್ಟಿಗೆ ಇದರಿಂದ ಕೆಡುಕೇನಿಲ್ಲ. ಆದರೆ ಆ ವಸೂಲಿಗೆ ಇನ್ನೊಬ್ಬರ ಭಾನುವಾರವನ್ನು, ಒಂದು ಮಗುವಿನ ಮಖರವನ್ನು ಜಪ್ತಿ ಮಾಡುವ ಹಕ್ಕು ನನಗೆ ಎಲ್ಲಿಂದ ಬಂತು?

ಹಾಗೆಂದು ವರ್ಷದ ಪಾಸನ್ನು ಬೈದು ಎರಡು ದಿನದ್ದನ್ನು ಹೊಗಳಿದರೆ ಅನ್ಯಾಯವಾದೀತು. ಪಾರ್ಕಿಗೆ ಹತ್ತಿರದಲ್ಲೇ ಮನೆಯಿರುವ ಸಹೋದ್ಯೋಗಿಯೊಬ್ಬರು ವರ್ಷದ ಪಾಸಿನಲ್ಲಿ ಸಂಜೆ ಹೊತ್ತು ಮಗನನ್ನು ಕರೆದೊಯ್ದು, ಅವನಿಗಿಷ್ಟವಾದ ಒಂದೇ ರೈಡು ಹತ್ತಿಸಿ, ಐಸ್‌ಕ್ರೀಮ್ ತಿನ್ನಿಸಿ ಬರುತ್ತಾರೆ. ಅವರಿಗೆ ಅದು ಮನೆಯ ಹಿತ್ತಿಲಿದ್ದಂತೆ, ಲೆಕ್ಕವೇ ಇಲ್ಲ. ಇತ್ತ ಎರಡು ದಿನದ ಪಾಸ್ ಹಿಡಿದು ದೂರದಿಂದ ಬಂದ ಕುಟುಂಬಗಳು ಬೆಳಿಗ್ಗೆ ಗೇಟು ತೆರೆದಾಗಿನಿಂದ ಉಸಿರು ಬಿಡದೆ ಓಡುವುದನ್ನೂ ನೋಡಿದ್ದೇನೆ. ಅಲ್ಲಿಯೂ ಅಳುವ ಮಕ್ಕಳಿದ್ದಾರೆ. ಹಾಗಾಗಿ ಇದು ಯಾವುದು ಅಗ್ಗ ಎಂಬ ಪ್ರಶ್ನೆಯಲ್ಲ. ನಾನು ಕೊಡುತ್ತಿರುವುದು ದಿನವನ್ನೋ, ದಿನದ ಭರವಸೆಯನ್ನೋ ಎಂಬ ಪ್ರಶ್ನೆ.

ನನ್ನ ಅಪ್ಪ ದಿನವನ್ನೇ ಕೊಟ್ಟವನು. ನಮ್ಮದು ಶಿರಸಿ ಕಡೆಯ ಹಳ್ಳಿ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದೂ ಒಂದು ವಾರದ ಆಸುಪಾಸು. ನಮ್ಮ ಬಾಲ್ಯದ ಥೀಮ್ ಪಾರ್ಕ್ ಅದೇ. ಜೈಂಟ್ ವ್ಹೀಲ್‌ಗೆ ನಾವು ತೊಟ್ಟಿಲು ಎನ್ನುತ್ತಿದ್ದೆವು. ಅಪ್ಪ ತೋಟದ ಕೆಲಸ ನೋಡಿಕೊಂಡು ಹದಿನೈದು ದಿನ ಮೊದಲೇ, ಇಂಥ ದಿನ ಹೋಗೋದು ಎಂದು ಹೇಳಿಬಿಡುತ್ತಿದ್ದ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕುತ್ತಿದ್ದವಳು ಅಕ್ಕ. ಆ ದಿನ ಬೇರೆ ಯಾವ ಕೆಲಸಕ್ಕೂ ಸಿಗುತ್ತಿರಲಿಲ್ಲ. ಅಪ್ಪನಿಗೆ ತೊಟ್ಟಿಲೆಂದರೆ ತಲೆಸುತ್ತು. ಕೆಳಗೆ ನಮ್ಮ ಚಪ್ಪಲಿಗಳನ್ನು ಕಾಯುತ್ತ, ಕತ್ತೆತ್ತಿ ನೋಡುತ್ತ ನಿಂತಿರುತ್ತಿದ್ದ. ಮೇಲಿನಿಂದ ಕೈಬೀಸಿದರೆ ಪ್ರತಿ ಸುತ್ತಿಗೂ ಕೈಬೀಸುತ್ತಿದ್ದ. ಸುತ್ತಿಗೆ ಎಷ್ಟು ಬಿತ್ತೆಂದು ಅವನು ಹೇಳಿದ ನೆನಪಿಲ್ಲ.

ಅಪ್ಪ ಈಗಿಲ್ಲ. ಆಯಿ ಮಾತ್ರ ಊರಲ್ಲಿದ್ದಾಳೆ. ಫೋನು ಇಡುವಾಗ ಪ್ರತಿ ಸಲ ಹೇಳುತ್ತಾಳೆ: "ಯಾವಾಗ ಬೇಕಾರೂ ಬಾರೋ ತಮಾ." ನನ್ನ ಮಾತೇ ಅದು, ಆದರೆ ಅವಳ ಬಾಯಲ್ಲಿ ಅದಕ್ಕೆ ನೆಪದ ಸೋಂಕಿಲ್ಲ. ಬಾಗಿಲು ನಿಜಕ್ಕೂ ಯಾವಾಗ ಬೇಕಾದರೂ ತೆರೆದಿದೆ. ಊರು ಬಿಟ್ಟ ನಮ್ಮೆಲ್ಲರ ಹತ್ತಿರ ಇಂಥದೊಂದು ಪಾಸ್ ಇದೆ, ದುಡ್ಡು ಕೊಡದೆ ಸಿಕ್ಕಿದ್ದು. ಅದಿದೆ ಎಂಬ ಧೈರ್ಯದಲ್ಲೇ ನಾವು ಹೋಗುವುದಿಲ್ಲ. ಹಿಂದಿನ ಮೂರು ವರ್ಷಗಳನ್ನು ಲೆಕ್ಕ ಹಾಕಿದೆ: ವರ್ಷಕ್ಕೆ ಸರಾಸರಿ ಐದು ದಿನ. ಆಯಿಗೆ ಈಗ 74. ಇನ್ನು ಹತ್ತು ವರ್ಷ ಗಟ್ಟಿಯಾಗಿದ್ದಾಳೆಂದುಕೊಂಡರೂ ನನಗೆ ಉಳಿದದ್ದು ಐವತ್ತು ದಿನ. ಹತ್ತು ವರ್ಷ ಎಂದಾಗ ಬಹಳ ಎನಿಸಿದ್ದು ಐವತ್ತು ದಿನ ಎಂದಾಗ ಎರಡು ತಿಂಗಳಿಗೂ ಕಡಿಮೆ. ಈ ಪಾಸಿಗೆ ಮುಗಿಯುವ ಸಂದೇಶ ಮೊದಲೇ ಬರುವುದಿಲ್ಲ.

ಪಾರ್ಕಿನವರು ನವೀಕರಿಸಿದರೆ ರಿಯಾಯಿತಿ ಎಂದು ಬರೆದಿದ್ದರು. ನವೀಕರಿಸಲಿಲ್ಲ. ಮಗಳನ್ನು ಕರೆದು ಕ್ಯಾಲೆಂಡರ್ ಮುಂದೆ ಕೂರಿಸಿ, ನಿನಗೆ ಯಾವ ದಿನ ಆಗುತ್ತದೆ ಎಂದು ಕೇಳಿದೆ. ಅವಳು ಬಹಳ ಹೊತ್ತು ಯೋಚಿಸಿ ಡಿಸೆಂಬರಿನ ಒಂದು ಶನಿವಾರ, ಭಾನುವಾರಕ್ಕೆ ಸುತ್ತು ಹಾಕಿದಳು. ಎರಡು ದಿನದ ಪಾಸ್, ಹೆಂಡತಿ ಮೊದಲೇ ಹೇಳಿದಂತೆ. ಆ ಎರಡು ದಿನ ಫೋನು ಮುಟ್ಟುವುದಿಲ್ಲ ಎಂದು ನಾನಾಗಿಯೇ ಹೇಳಿದೆ. ಆಮೇಲೆ ಪುಟ ತಿರುವಿ, ಸಂಕ್ರಾಂತಿಯ ಹಿಂದಿನ ದಿನಕ್ಕೆ ನಾನೊಂದು ಸುತ್ತು ಹಾಕಿದೆ. ಇದು ಯಾವ ಪಾರ್ಕು ಎಂದಳು. ಅಜ್ಜಿ ಮನೆ ಎಂದೆ.

ಮತ್ಸ್ಯಗಂಧಾ ಗಾಡಿ, ಕುಮಟಾದಲ್ಲಿ ಇಳಿದು ದೇವಿಮನೆ ಘಟ್ಟ ಹತ್ತುವ ಬಸ್ಸು. ಟಿಕೆಟ್ ಸಿಗುವುದು 60 ದಿನ ಮೊದಲು, ಬೆಳಿಗ್ಗೆ 8 ಗಂಟೆಗೆ. ಆ ದಿನಕ್ಕೆ ಅಲಾರಂ ಇಟ್ಟಿದ್ದೇನೆ. ಆಯಿಗೆ ತಾರೀಖು ಹೇಳಿದೆ. ಅವಳು ಒಂದು ಕ್ಷಣ ಸುಮ್ಮನಿದ್ದು, ತಡಿ, ಬರ್ಕತ್ತಿ ಎಂದು ಪೆನ್ನು ಹುಡುಕಲು ಎದ್ದಳು.